ಗೋಡೆ ಯಾವ ಕಡೆ ಮುಖ ಮಾಡಿದೆ: ಬಿಲ್ಬಾವೊದಿಂದ ಕಾನಜಾವಾದವರೆಗೆ ಕ್ಯಾಮೆರಾ ಹಿಡಿದು

ಇಂದಿನ ವಾಸ್ತುಶಿಲ್ಪದ ಫೋಟೊ ತೆಗೆಯಲು ಹೊರಡುವವರು ಸಾಮಾನ್ಯವಾಗಿ ಊರುಗಳ ಪಟ್ಟಿ ಮಾಡಿ, ಟಿಕೆಟ್ ಕಾಯ್ದಿರಿಸಿ, ಆಮೇಲೆ ಕಟ್ಟಡದ ಬಗ್ಗೆ ಯೋಚಿಸುತ್ತಾರೆ. ಕ್ರಮ ತಿರುವುಮುರುವಾಗಬೇಕು. ಯಾವ ಗೋಡೆ ಬೇಕು, ಅದು ಯಾವ ದಿಕ್ಕಿಗಿದೆ, ಅದರ ಮೇಲೆ ಬಿಸಿಲು ಯಾವ ತಿಂಗಳಲ್ಲಿ ಯಾವ ಹೊತ್ತಿಗೆ ಬೀಳುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ಉಪಗ್ರಹ ನಕ್ಷೆಯೂ ಸೂರ್ಯನ ಹಾದಿ ತೋರಿಸುವ ಒಂದು ಆ್ಯಪ್ ಕೂಡ ಇದ್ದರೆ ಕಾಲು ಗಂಟೆಯ ಕೆಲಸ. ಈ ಕಾಲು ಗಂಟೆ ಉಳಿಸಲು ಹೋದವರಿಗೆ ಸ್ಪೇನ್‌ನ ಬಿಲ್ಬಾವೊ ಚೆನ್ನಾಗಿಯೇ ಪಾಠ ಕಲಿಸುತ್ತದೆ.

ಫ್ರಾಂಕ್ ಗೆಹ್ರಿಯ ಗುಗೆನ್‌ಹೈಮ್ ಮ್ಯೂಸಿಯಂ (1997) ಅಲ್ಲಿ ನೆರ್ವಿಯೊನ್ ನದಿಯ ದಕ್ಷಿಣ ದಂಡೆಯಲ್ಲಿದೆ. ಎಲ್ಲರಿಗೂ ಬೇಕಾದ ನದಿ ಕಡೆಯ ಮುಖ ಇರುವುದು ಉತ್ತರಕ್ಕೆ. ಡಿಸೆಂಬರ್‌ನಲ್ಲಿ ಹೋದರೆ ದಿನವಿಡೀ ಹಿಂಬೆಳಕು, ಬೂದು ಲೋಹ, ಅದರ ಹಿಂದೆ ಬಿಳಿಚಿದ ಆಕಾಶ. ಜೂನ್‌ನಲ್ಲಿ ಸೂರ್ಯ ವಾಯವ್ಯಕ್ಕೆ ಸರಿದು ರಾತ್ರಿ ಹತ್ತರ ಸುಮಾರಿಗೆ ಮುಳುಗುತ್ತಾನೆ. ಆಗ ಕೊನೆಯ ಒಂದು ಗಂಟೆ ನದಿಯಾಚೆಯ ದಂಡೆಯಲ್ಲಿ ನಿಂತರೆ ಟೈಟಾನಿಯಂ ತಗಡುಗಳಿಗೆ ಜೀವ ಬಂದಂತಿರುತ್ತದೆ. ಆ ತಗಡು ಅರ್ಧ ಮಿಲಿಮೀಟರ್‌ಗಿಂತಲೂ ತೆಳು, ಸುಮಾರು 0.38 ಮಿ.ಮೀ. ಹೀಗಾಗಿ ಒಂದೂ ಪೂರ್ತಿ ಚಪ್ಪಟೆಯಾಗಿಲ್ಲ. ಪ್ರತಿಯೊಂದೂ ನಡುವಿನಲ್ಲಿ ಕೊಂಚ ಉಬ್ಬಿಕೊಂಡು ಬೇರೆ ಬೇರೆ ಕೋನದಲ್ಲಿ ಬೆಳಕು ಎಸೆಯುತ್ತದೆ. ಇಡೀ ಕಟ್ಟಡವನ್ನು ಚೌಕಟ್ಟಿಗೆ ತುಂಬುವುದಕ್ಕಿಂತ 85ರಿಂದ 135 ಮಿ.ಮೀ. ಲೆನ್ಸ್‌ನಲ್ಲಿ ಈ ಉಬ್ಬುಗಳನ್ನೇ ಹಿಡಿಯುವುದು ಲೇಸು. ಇಡೀ ಕಟ್ಟಡದ ಚಿತ್ರ ಈಗಾಗಲೇ ಸಾಕಷ್ಟಿದೆ.

ಇಲ್ಲಿ ಎರಡು ಎಡವಟ್ಟುಗಳಾಗುತ್ತವೆ. ಹೊಳಪು ತಗ್ಗಿಸಲೆಂದು ಪೋಲರೈಸರ್ ಫಿಲ್ಟರ್ ಹಾಕಿದವರಿಗೆ ಏನೂ ಪ್ರಯೋಜನ ಕಾಣುವುದಿಲ್ಲ. ಗಾಜು ಮತ್ತು ನೀರಿನ ಮೇಲಿನ ಪ್ರತಿಫಲನಕ್ಕೆ ಅದು ಮದ್ದು. ಬರಿಯ ಲೋಹದಿಂದ ಪುಟಿಯುವ ಬೆಳಕು ಅಷ್ಟಾಗಿ ಧ್ರುವೀಕರಣಗೊಳ್ಳುವುದಿಲ್ಲ, ಅಂದರೆ ಫಿಲ್ಟರ್ ತಡೆಯುವಂತೆ ಒಂದೇ ದಿಕ್ಕಿನಲ್ಲಿ ಕಂಪಿಸುವುದಿಲ್ಲ. ಎರಡನೆಯದು, ಲಾ ಸಾಲ್ವೆ ಸೇತುವೆಯ ಮೇಲಿಂದ ಸಂಜೆ ತೆಗೆದ ಉದ್ದ ಎಕ್ಸ್‌ಪೋಷರ್. ವಾಹನ ಹೋದಾಗಲೆಲ್ಲ ಸೇತುವೆ ನಡುಗುತ್ತದೆ, ಟ್ರೈಪಾಡ್ ಎಷ್ಟೇ ಭಾರದ್ದಾದರೂ ಅದರ ಜೊತೆಗೆ ನಡುಗುತ್ತದೆ. ಎಂಟು ಸೆಕೆಂಡಿನ ಒಂದು ಚಿತ್ರದ ಬದಲು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ ಅರ್ಧ ಸೆಕೆಂಡಿನ ಹತ್ತು ಚಿತ್ರ ತೆಗೆದರೆ ಒಂದೆರಡಾದರೂ ಚೂಪಾಗಿ ಸಿಗುತ್ತವೆ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೊದಲ್ಲಿ ಬಿಡಬಾರದು. ಆಕಾಶದ ಬಣ್ಣ ಹೊತ್ತ ಲೋಹವನ್ನು ಕ್ಯಾಮೆರಾ ಪ್ರತಿ ಚಿತ್ರದಲ್ಲೂ ಬೇರೆ ಬೂದುಬಣ್ಣಕ್ಕೆ ತಿದ್ದಿಡುತ್ತದೆ. 5200 ಕೆಲ್ವಿನ್‌ಗೆ ಕಟ್ಟಿಹಾಕಿದರೆ ತಲೆನೋವಿಲ್ಲ.

ಅಲ್ಲಿಂದ ವೆಲೆನ್ಸಿಯಾಕ್ಕೆ ಇಳಿದರೆ ಸಮಸ್ಯೆ ಬಿಳುಪಿನದು. ತುರಿಯಾ ನದಿಯ ಹಳೆಯ ಪಾತ್ರದಲ್ಲಿ ಸಾಂಟಿಯಾಗೊ ಕಲತ್ರಾವ ಕಟ್ಟಿದ ಕಲೆ ಮತ್ತು ವಿಜ್ಞಾನ ನಗರಿಯಲ್ಲಿ ಕಾಂಕ್ರೀಟು ಬಿಳಿ, ಒಡೆದ ಹೆಂಚಿನ ಹೊದಿಕೆ ಬಿಳಿ, ಬಿಸಿಲಂತೂ ಕೇಳುವುದೇ ಬೇಡ. ಕ್ಯಾಮೆರಾದ ಮೀಟರ್ ಇದನ್ನೆಲ್ಲ ಬೂದಿಯ ಬಣ್ಣಕ್ಕೆ ಇಳಿಸುತ್ತದೆ. ಒಂದರಿಂದ ಒಂದೂಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚು ಕೊಟ್ಟು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂನಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು. ಮಧ್ಯಾಹ್ನ ಇಳಿಬಿಸಿಲಿನಲ್ಲಿ ಕೆಂಪು ಒಂದೇ ಮೊದಲು ಮಿತಿ ಮೀರಿ ವಿವರ ಕಳೆದುಕೊಳ್ಳುತ್ತದೆ. ಒಟ್ಟು ಹಿಸ್ಟೋಗ್ರಾಂ ಅದನ್ನು ತೋರಿಸುವುದಿಲ್ಲ. ಕಣ್ಣಿನಾಕಾರದ ಹೆಮಿಸ್ಫೆರಿಕ್ (1998) ಸುತ್ತಲಿನ ಕೊಳ ಆಳವಿಲ್ಲದ್ದು. ಗಾಳಿ ಎದ್ದರೆ ಪ್ರತಿಬಿಂಬ ಚೂರುಚೂರು. ಸಮುದ್ರದ ಗಾಳಿ ಬೀಸತೊಡಗುವುದು ನೆಲ ಕಾದ ಮೇಲೆ, ಆದ್ದರಿಂದ ಸೂರ್ಯೋದಯದ ನಂತರದ ಒಂದೆರಡು ಗಂಟೆಯೇ ಗತಿ. ಟ್ರೈಪಾಡನ್ನು ನೀರಿನಂಚಿಗೆ ಒಂದಡಿ ಎತ್ತರಕ್ಕೆ ಇಳಿಸಿದರೆ ಬಿಂಬ ಪೂರ್ತಿ ಸಿಗುತ್ತದೆ.

ಹ್ಯಾಂಬರ್ಗ್‌ನ ಎಲ್ಬ್‌ಫಿಲ್ಹಾರ್ಮೊನಿ (2017) ಎತ್ತರದ ಲೆಕ್ಕ ಕಲಿಯಲು ಸರಿಯಾದ ಜಾಗ. ಹೆರ್ಟ್ಸೋಗ್ ಮತ್ತು ಡಿ ಮ್ಯುರಾನ್ ಹಳೆಯ ಇಟ್ಟಿಗೆ ಗೋದಾಮಿನ ಮೇಲೆ ಗಾಜಿನ ಅಲೆ ಕೂರಿಸಿದ್ದಾರೆ, ತುದಿ ಸುಮಾರು 110 ಮೀಟರ್. ಕ್ಯಾಮೆರಾ ಮೇಲಕ್ಕೆ ವಾಲಿಸಿದರೆ ಗೋಡೆಗಳು ಹಿಂದಕ್ಕೆ ಬೀಳುತ್ತವೆ, ವಾಲಿಸದಿದ್ದರೆ ತುದಿ ತುಂಡಾಗುತ್ತದೆ. ಫುಲ್‌ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಅಡ್ಡವಾಗಿ ಹಿಡಿದು, ಸಮಮಟ್ಟದಲ್ಲಿಟ್ಟರೆ ತುದಿ ಕಾಣಲು ಎತ್ತರದ ಎರಡರಷ್ಟು ದೂರ ಬೇಕು, ಅಂದರೆ ಇಲ್ಲಿ 220 ಮೀಟರ್. ಕ್ಯಾಮೆರಾ ವಾಲಿಸದೆ ಲೆನ್ಸನ್ನಷ್ಟೇ ಸರಿಸಬಹುದಾದ, ಅದೇ 24ರ ಟಿಲ್ಟ್-ಶಿಫ್ಟ್ ಲೆನ್ಸನ್ನು 12 ಮಿ.ಮೀ. ಮೇಲಕ್ಕೆ ಜಾರಿಸಿದರೆ ಎತ್ತರದಷ್ಟೇ ದೂರ, 110 ಮೀಟರ್ ಸಾಕು. 17ರದ್ದಾದರೆ ಇನ್ನೂ ಹತ್ತಿರ, ಎತ್ತರದ ಮುಕ್ಕಾಲಿಗಿಂತ ಕೊಂಚ ಕಡಿಮೆ. ಇದು ಅಂಚಿಗಂಚು ತಾಗುವ ಲೆಕ್ಕ, ಮೇಲೆ ಆಕಾಶಕ್ಕೆ ಜಾಗ ಬೇಕಿದ್ದರೆ ಹತ್ತು ಹದಿನೈದು ಮೀಟರ್ ಹಿಂದೆ ಸರಿಯಬೇಕು.

ಕ್ರಮ ಹೀಗೆ: ಮೊದಲು ಟ್ರೈಪಾಡನ್ನು ಮಟ್ಟ ಮಾಡಿ; ಕ್ಯಾಮೆರಾದೊಳಗಿನ ಮಟ್ಟಸೂಚಕ ಎರಡೂ ಅಕ್ಷದಲ್ಲಿ ಸೊನ್ನೆ ತೋರಿಸಬೇಕು. ಲೆನ್ಸ್ ಜಾರಿಸುವ ಮೊದಲೇ ಎಕ್ಸ್‌ಪೋಷರ್ ಮ್ಯಾನುಯಲ್‌ನಲ್ಲಿ ಹೊಂದಿಸಿ, ಏಕೆಂದರೆ ಕನ್ನಡಿ ಇರುವ ಕ್ಯಾಮೆರಾಗಳಲ್ಲಿ ಜಾರಿಸಿದ ಮೇಲೆ ಮೀಟರ್ ದಾರಿ ತಪ್ಪುತ್ತದೆ. ಆಮೇಲೆ ಜಾರಿಸಿ, ಸ್ಕ್ರೀನ್ ಹಿಗ್ಗಿಸಿ ಫೋಕಸ್ ಮಾಡಿ, ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್/8ರಿಂದ ಎಫ್/11ರ ನಡುವೆ ಇಟ್ಟು ತೆಗೆಯಿರಿ. ಪೂರ್ತಿ 12 ಮಿ.ಮೀ.ವರೆಗೆ ತಳ್ಳಿದರೆ ಮೇಲಿನ ಮೂಲೆ ಮೆತ್ತಗಾಗುತ್ತದೆ, 9-10ಕ್ಕೆ ನಿಲ್ಲಿಸುವುದು ಜಾಣತನ. ಶಿಫ್ಟ್ ಲೆನ್ಸ್ ದುಬಾರಿ, ಎಲ್ಲರ ಬಳಿಯೂ ಇರುವುದಿಲ್ಲ. ಇಲ್ಲದವರು ಅಗಲದ ಲೆನ್ಸನ್ನು ಉದ್ದುದ್ದ ಹಿಡಿದು ಸಮಮಟ್ಟದಲ್ಲಿ ತೆಗೆದು ಕೆಳಗಿನ ರಸ್ತೆಯನ್ನು ಕತ್ತರಿಸಬಹುದು. ಸಾಫ್ಟ್‌ವೇರ್‌ನಲ್ಲಿ ನೆಟ್ಟಗೆ ಮಾಡುವ ಆಲೋಚನೆಯಿದ್ದರೆ ತೆಗೆಯುವಾಗಲೇ ಎರಡೂ ಪಕ್ಕ ಧಾರಾಳವಾಗಿ ಜಾಗ ಬಿಡಿ. ತಿದ್ದುವಾಗ ಅಕ್ಕಪಕ್ಕ ಕತ್ತರಿಸಿಹೋಗುತ್ತದೆ, ಎಳೆದು ಹಿಗ್ಗಿಸಿದ ತುದಿಯಲ್ಲಿ ವಿವರ ಸೊರಗುತ್ತದೆ. ಒಂದು ಮಾತು: ಗೋಡೆಗಳನ್ನು ನೂರಕ್ಕೆ ನೂರು ನೆಟ್ಟಗೆ ಮಾಡಿದರೆ ಎತ್ತರದ ಕಟ್ಟಡ ತಲೆ ದಪ್ಪಗಾದಂತೆ ಕಾಣುತ್ತದೆ. ತೊಂಬತ್ತಕ್ಕೆ ನಿಲ್ಲಿಸಿ.

ಈ ಕಟ್ಟಡ ಗಾಜಿನದಾದ್ದರಿಂದ ಪೋಲರೈಸರ್‌ಗೆ ಇಲ್ಲಿ ಕೆಲಸವಿದೆ, ಆದರೆ ಪೂರ್ತಿ ತಿರುಗಿಸಿದರೆ ಗಾಜು ಸತ್ತ ಕಪ್ಪಾಗುತ್ತದೆ. ಹದಗೊಳಿಸಿದ ಗಟ್ಟಿ ಗಾಜಿರುವ ಯಾವುದೇ ಕಟ್ಟಡದಲ್ಲಿ ಇನ್ನೊಂದು ವಿಚಿತ್ರ ಎದುರಾಗಬಹುದು: ಫಿಲ್ಟರ್ ತಿರುಗಿಸಿದಂತೆ ಸಾಲುಸಾಲು ಕಪ್ಪು ಚುಕ್ಕೆಗಳು ಗಾಜಿನೊಳಗೆ ಎದ್ದು ಬರುತ್ತವೆ. ಕಾಯಿಸಿ ತಟ್ಟನೆ ತಣಿಸುವಾಗ ಗಾಜಿನಲ್ಲಿ ಉಳಿದ ಒತ್ತಡದ ಗುರುತು ಅದು. ಆಮೇಲೆ ಅಳಿಸಲು ಕೂತರೆ ರಾತ್ರಿ ಸಾಲದು. ಫಿಲ್ಟರ್ ಬಿಚ್ಚುವುದೇ ಉಪಾಯ.

ಜರ್ಮನಿಯಲ್ಲಿರುವಾಗಲೇ ಕಾನೂನಿನ ಮಾತು. ಸಾರ್ವಜನಿಕ ರಸ್ತೆಯಿಂದ ಕಾಣುವ ಕಟ್ಟಡದ ಹೊರಮೈ ಚಿತ್ರ ತೆಗೆದು ಮಾರಲು ಅಲ್ಲಿ ಅಡ್ಡಿಯಿಲ್ಲ. ಆದರೆ ಎದುರು ಮನೆಯ ಮಹಡಿಯಿಂದ ತೆಗೆದದ್ದಕ್ಕೆ ಈ ವಿನಾಯಿತಿ ಇಲ್ಲ ಎಂದು ಅಲ್ಲಿನ ಉನ್ನತ ನ್ಯಾಯಾಲಯ 2003ರಲ್ಲೂ, ಡ್ರೋನ್‌ನಿಂದ ತೆಗೆದದ್ದಕ್ಕೂ ಇಲ್ಲ ಎಂದು 2024ರಲ್ಲೂ ಹೇಳಿದೆ. ಫ್ರಾನ್ಸ್‌ನಲ್ಲಿ 2016ರ ಕಾನೂನು ಖಾಸಗಿ ವ್ಯಕ್ತಿಗಳಿಗೆ, ಅದೂ ವಾಣಿಜ್ಯವಲ್ಲದ ಬಳಕೆಗೆ ಮಾತ್ರ ಅವಕಾಶ ಕೊಟ್ಟಿದೆ. ಚಿತ್ರ ಮಾರುವ ಉದ್ದೇಶವಿದ್ದರೆ ಇದನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು.

ನಾರ್ವೆಯ ಆಸ್ಲೋದಲ್ಲಿ ಸ್ನೋಹೆಟ್ಟಾ ವಾಸ್ತುಶಿಲ್ಪ ಸಂಸ್ಥೆಯ ಒಪೆರಾ ಹೌಸ್ (2008) ಚಾವಣಿಯ ಮೇಲೆಯೇ ನಡೆದಾಡಬಹುದು. ಬಿಳಿ ಅಮೃತಶಿಲೆ ಒದ್ದೆಯಾದರೆ ಜಾರುತ್ತದೆ, ಟ್ರೈಪಾಡಿನ ಕಾಲಿಗೆ ರಬ್ಬರ್ ಬೇಕೇ ಬೇಕು. ಜೂನ್‌ನಲ್ಲಿ ಇಲ್ಲಿ ಪೂರ್ತಿ ಕತ್ತಲಾಗುವುದಿಲ್ಲ, ಸೂರ್ಯ ಮುಳುಗಿದ ಮೇಲಿನ ನೀಲಿ ಹೊತ್ತು ಗಂಟೆಗಟ್ಟಲೆ ಎಳೆಯುತ್ತದೆ. ಸಮಭಾಜಕದ ಹತ್ತಿರದ ಸಿಂಗಪುರದಲ್ಲಿ ಅದೇ ಹೊತ್ತು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಪಕ್ಕದ ಮುಂಕ್ ಮ್ಯೂಸಿಯಂ (2021) ತೂತುಗಳಿರುವ ಅಲ್ಯೂಮಿನಿಯಂ ಹೊದ್ದಿದೆ. ತೂತುಗಳ ಅಂತರ ಸೆನ್ಸರಿನ ಪಿಕ್ಸೆಲ್ ಅಂತರಕ್ಕೆ ಹತ್ತಿರ ಬಂದಾಗ ಚಿತ್ರದಲ್ಲಿ ಬಣ್ಣದ ಅಲೆಗಳು ಮೂಡುತ್ತವೆ. ಸ್ಕ್ರೀನಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿ. ಅಲೆ ಇದ್ದರೆ ಕೆಲವು ಹೆಜ್ಜೆ ಹಿಂದೆ ಮುಂದೆ ಸರಿಯುವುದು ಎಲ್ಲಕ್ಕಿಂತ ಒಳ್ಳೆಯ ಪರಿಹಾರ, ಎಫ್/16ಕ್ಕೆ ಇಳಿಸುವುದು ಎರಡನೆಯದು.

ಮಧ್ಯಾಹ್ನದ ಬಿಸಿಲನ್ನು ಬಿಡಬೇಕೆಂಬ ಹಳೆಯ ಸೂತ್ರ ಅಬುಧಾಬಿಯ ಲೂವ್ರ್‌ನಲ್ಲಿ (2017) ತಲೆಕೆಳಗು. ಜಾನ್ ನೂವೆಲ್ ಇಟ್ಟ 180 ಮೀಟರ್ ವ್ಯಾಸದ ಗುಮ್ಮಟದಲ್ಲಿ ಎಂಟು ಪದರ, 7,850 ನಕ್ಷತ್ರಾಕೃತಿಗಳು. ಸೂರ್ಯ ನೆತ್ತಿಗೆ ಬಂದಾಗಲೇ ಬಿಸಿಲು ಜರಡಿಯಿಂದ ಉದುರಿದಂತೆ ಕೆಳಗಿನ ಬಿಳಿ ಗೋಡೆಗಳ ಮೇಲೆ ಬೀಳುತ್ತದೆ. ಬಿಸಿಲಿನ ಚುಕ್ಕೆಗೂ ಪಕ್ಕದ ನೆರಳಿಗೂ ಅಂತರ ಬಹಳ. ಎರಡೆರಡು ಸ್ಟಾಪ್ ಅಂತರದ ಐದು ಚಿತ್ರ ತೆಗೆದು ಸೇರಿಸುವುದು ವಾಡಿಕೆ. ಆದರೆ ಚುಕ್ಕೆ ನಿಂತಲ್ಲಿ ನಿಲ್ಲುವುದಿಲ್ಲ. ಮೂವತ್ತು ಮೀಟರ್ ಮೇಲಿನ ರಂಧ್ರದಿಂದ ಬಿದ್ದ ನಡುಹಗಲ ಬಿಸಿಲು ನೆಲದ ಮೇಲೆ ನಿಮಿಷಕ್ಕೆ ಹತ್ತಿರ ಹತ್ತಿರ 13 ಸೆಂಟಿಮೀಟರ್ ಸರಿಯುತ್ತದೆ. ಐದೂ ಚಿತ್ರ ಒಂದೇ ಸಲಕ್ಕೆ, ಒಂದೆರಡು ಸೆಕೆಂಡಿನೊಳಗೆ ಮುಗಿಯಬೇಕು. ಕೈಯಿಂದ ಒಂದೊಂದಾಗಿ ಬದಲಿಸುತ್ತ ಕೂತರೆ ಚುಕ್ಕೆಯ ಅಂಚಿಗೆ ಎರಡೆರಡು ಗೆರೆ ಬರುತ್ತದೆ. ಎಸಿ ಕೋಣೆಯಿಂದ ನೇರ ಹೊರಗೆ ತಂದ ಲೆನ್ಸ್ ಕೊಲ್ಲಿಯ ತೇವದಲ್ಲಿ ಕ್ಷಣದಲ್ಲಿ ಮಂಜಾಗುತ್ತದೆ. ಒರೆಸಿದರೆ ಮತ್ತೆ ಮಂಜು. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಯೇ ಹೊರತಂದು ಅರ್ಧ ಗಂಟೆ ಹಾಗೇ ಬಿಟ್ಟರೆ ತೇವ ಚೀಲದ ಹೊರಮೈಗೆ ಕೂರುತ್ತದೆ.

ಮ್ಯೂಸಿಯಂಗಳ ವಾರದ ರಜೆಯನ್ನು ಪ್ರವಾಸಿಗರು ಶಪಿಸುತ್ತಾರೆ. ಹೊರಮೈ ಚಿತ್ರಕ್ಕೆ ಅದೇ ಹಬ್ಬ, ಸಾಲು ನಿಂತ ಜನ ಇರುವುದಿಲ್ಲ. ಒಳಗಡೆ ಮಾತ್ರ ಹೆಚ್ಚಿನ ಕಡೆ ಟ್ರೈಪಾಡ್ ನಿಷಿದ್ಧ.

ಟ್ರೈಪಾಡ್ ಇಲ್ಲದೆ ಒಳಾಂಗಣ ತೆಗೆಯುವವರಿಗೆ ಜಪಾನ್ ಒಂದು ವಿಶೇಷ ತೊಡಕು ಇಟ್ಟಿದೆ. ಟೋಕಿಯೊದ ವಿದ್ಯುತ್ತು 50 ಹರ್ಟ್ಸ್. ಷಿಂಕಾನ್‌ಸೆನ್ ಹತ್ತಿ ಎರಡೂವರೆ ಗಂಟೆ ಹೋದರೆ ಸಿಗುವ ಕಾನಜಾವಾದಲ್ಲಿ 60. ವಿದ್ಯುತ್ತಿನ ಲಯಕ್ಕೆ ತಕ್ಕಂತೆ ಮಿನುಗುವ ದೀಪಗಳ ಕೆಳಗೆ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಬಳಸಿದರೆ, ಚಿತ್ರಕ್ಕೆ ಅಡ್ಡಪಟ್ಟೆ ಬೀಳುತ್ತದೆ. ಟೋಕಿಯೊದಲ್ಲಿ 1/50 ಅಥವಾ 1/100 ಸೆಕೆಂಡಿನಲ್ಲಿ ಸರಿಬಂದದ್ದು ಸೆಜಿಮಾ ಮತ್ತು ನಿಷಿಜಾವಾರ ವೃತ್ತಾಕಾರದ 21ನೇ ಶತಮಾನದ ಮ್ಯೂಸಿಯಂನಲ್ಲಿ (2004) ಕೆಡುತ್ತದೆ. ಅಲ್ಲಿಗೆ 1/60 ಅಥವಾ 1/120. ಆ ಮ್ಯೂಸಿಯಂನ ಸುತ್ತು ಗೋಡೆಯೆಲ್ಲ ಬಾಗಿದ ಗಾಜು, ಎಲ್ಲಿ ನಿಂತರೂ ತೆಗೆಯುವವರೇ ಚಿತ್ರದಲ್ಲಿ. ಕಪ್ಪು ಬಟ್ಟೆ ತೊಟ್ಟು, ಹೊರಗಿನ ಬೆಳಕು ಒಳಗಿನದಕ್ಕಿಂತ ಕಡಿಮೆಯಾಗುವ ಮುಸ್ಸಂಜೆಗೆ ಹೋದರೆ ಗಾಜು ತಾನಾಗಿ ತೆರೆದುಕೊಳ್ಳುತ್ತದೆ. ಒಳಗಿಂದ ಹೊರಗಿನ ಹುಲ್ಲುಹಾಸನ್ನು ತೆಗೆಯಬೇಕಿದ್ದರೆ ಇದಕ್ಕೆ ತದ್ವಿರುದ್ಧ ಹೊತ್ತು ಬೇಕು, ಲೆನ್ಸಿನ ರಬ್ಬರ್ ಹುಡ್ ಗಾಜಿಗೆ ಒತ್ತಿ ಹಿಡಿಯಬೇಕು.