ಸಂಪ್ ಟ್ಯಾಂಕಿನ ಪೈಪ್ ಕೆಲಸ: ಜಾಯಿಂಟುಗಳು ಒಣಗಿಯೇ ನಿಂತಿವೆ

ಅಕ್ವೇರಿಯಂ ಕೆಳಗೆ ಸಂಪ್ (ಮೀನಿನ ನೀರು ಸೋಸಿ ವಾಪಸ್ ಕಳಿಸುವ ಇನ್ನೊಂದು ಟ್ಯಾಂಕ್) ಇಟ್ಟು ನೀರು ಓಡಿಸುವ ಕೆಲಸ ಈ ವಾರ ಒಂದು ಹಂತಕ್ಕೆ ಬಂತು. ಟ್ಯಾಂಕ್ 4 × 1.5 × 1.5 ಅಡಿ, ತುಂಬಿದರೆ ಹತ್ತಿರಹತ್ತಿರ 255 ಲೀಟರ್. ಅಷ್ಟು ನೀರು ಹಾಲ್‌ನಲ್ಲಿ, ಮರದ ಸ್ಟ್ಯಾಂಡ್ ಮೇಲೆ ನಿಲ್ಲಬೇಕು. ಹಾಗಾಗಿ ಯಾವ ಜಾಯಿಂಟಿಗೂ ಅವಸರ ಮಾಡಲಿಲ್ಲ.

ಗಾಜಿಗೆ ತೂತನ್ನು ಅಂಗಡಿಯಲ್ಲೇ ಹಾಕಿಸಿದೆ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಾದರೆ ತೂತು ಹಾಕಲು ಆಗುವುದಿಲ್ಲ, ಪೂರ್ತಿ ಚೂರಾಗುತ್ತದೆ. ಮೊದಲೇ ಕೇಳಿಕೊಳ್ಳಿ. ಟ್ಯಾಂಕ್ ನಿಪ್ಪಲ್ (ಗಾಜಿನ ತೂತಿಗೆ ಕೂರಿಸುವ ಫಿಟಿಂಗ್), ಎಲ್ಬೋ, ಯೂನಿಯನ್ (ಬೇಕಾದಾಗ ಬಿಚ್ಚಬಹುದಾದ ಜಾಯಿಂಟ್), ಬಾಲ್ ವಾಲ್ವ್ ಎಲ್ಲ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಿಂದ ತಂದಿದ್ದು. ಎಲ್ಲವೂ ಒಂದಿಂಚಿನ ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್ ಪೈಪ್). ಬಿಸಿನೀರಿಗೆ ಹಾಕುವ ಸಿಪಿವಿಸಿಯನ್ನೂ ಒಂದಿಂಚು ಅಂತಲೇ ಮಾರುತ್ತಾರೆ. ಆದರೆ ಯುಪಿವಿಸಿ ಪೈಪಿನ ಹೊರ ಅಳತೆ 33.4 ಮಿ.ಮೀ., ಸಿಪಿವಿಸಿಯದು 28.6. ಒಂದರ ಫಿಟಿಂಗ್‌ಗೆ ಇನ್ನೊಂದು ಕೂರುವುದೇ ಇಲ್ಲ.

ಲೀಕ್ ಅಂದ ಕೂಡಲೇ ಎಲ್ಲರ ಕೈ ಸಿಲಿಕೋನ್ ಟ್ಯೂಬಿಗೆ ಹೋಗುತ್ತದೆ, ಅಲ್ವಾ? ಸಿಲಿಕೋನ್ ಇರುವುದು ಗಾಜಿಗೆ ಗಾಜು ಕೂಡಿಸಲು. ಪಿವಿಸಿಯನ್ನು ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ಒಂದು ಅಂಚು ಬಿಟ್ಟರೆ ಸಿಪ್ಪೆ ಸುಲಿದ ಹಾಗೆ ಎದ್ದು ಬರುತ್ತದೆ. ವಾಶರ್ ಇರುವ ಕಡೆ ವಾಶರೇ ನೀರು ತಡೆಯಬೇಕು. ಥ್ರೆಡ್‌ಗೆ ಟೆಫ್ಲಾನ್ ಟೇಪ್. ಪೈಪ್ ಒಳಗೆ ಹೋಗಿ ಕೂರುವ ಕಡೆ ಸಾಲ್ವೆಂಟ್, ಅಂದರೆ ಪ್ಲಾಸ್ಟಿಕ್ ಮೆತ್ತಗೆ ಮಾಡಿ ಬೆಸೆಯುವ ಅಂಟು. ಸೆಣಬಿನ ದಾರ ಸುತ್ತಿ ಪೇಸ್ಟ್ ಹಚ್ಚುವ ಹಳೇ ಪದ್ಧತಿ ಮಾತ್ರ ಮೀನಿನ ನೀರಿಗೆ ಬೇಡವೇ ಬೇಡ.

ಟ್ಯಾಂಕ್ ನಿಪ್ಪಲ್‌ನಲ್ಲಿ ಅಗಲವಾದ ಚಕ್ರದಂಥ ಭಾಗ ಟ್ಯಾಂಕ್ ಒಳಗೆ, ನಟ್ ಹೊರಗೆ. ರಬ್ಬರ್ ವಾಶರ್ ಇರಬೇಕಾದದ್ದು ಒಳಗಡೆ, ಆ ಅಗಲ ಭಾಗಕ್ಕೂ ಗಾಜಿಗೂ ನಡುವೆ. ಹಾಗೇ ಕೂರಿಸಿ ನೀರು ಬಿಟ್ಟೆ. ಸ್ವಲ್ಪ ಹೊತ್ತಿಗೆ ನಟ್‌ನ ಕೆಳಗೆ ಒಂದು ಹನಿ. ಒರೆಸಿದರೆ ಮತ್ತೆ ಅಲ್ಲೇ ಇನ್ನೊಂದು. ಹನಿ ಕಾಣುವುದು ನಟ್ ಹತ್ತಿರ, ಆದರೆ ನೀರು ನುಗ್ಗುವುದು ಒಳಗಿನ ವಾಶರ್ ಪಕ್ಕದಿಂದ. ತೂತಿನೊಳಗೆ ಬಂದು, ಥ್ರೆಡ್ ಹಿಡಿದು ಹೊರಗೆ ಇಳಿಯುತ್ತದೆ. ಹೊರಗೆ ಏನು ಮೆತ್ತಿದರೂ ಪ್ರಯೋಜನವಿಲ್ಲ. ನೀರು ಖಾಲಿ ಮಾಡಿ ವಾಶರ್ ತೆಗೆದು ಉಗುರು ಆಡಿಸಿ ನೋಡಿದೆ. ಅಚ್ಚಿನ ಗೆರೆಯೊಂದು ಅಡ್ಡಕ್ಕೆ ಉಬ್ಬಿತ್ತು, ಕಣ್ಣಿಗೆ ಕಾಣದಷ್ಟು. ಬೇರೆ ಮೆತ್ತನೆ ವಾಶರ್ ಹಾಕಿ, ಗಾಜು ಒರೆಸಿ, ಕೈಯಲ್ಲೇ ಬಿಗಿ ಮಾಡಿ ಆಮೇಲೆ ಸ್ವಲ್ಪವೇ ತಿರುಗಿಸಿದೆ. ಹನಿ ನಿಂತಿತು. ಜಾಸ್ತಿ ಬಿಗಿದರೆ ವಾಶರ್ ಪಕ್ಕಕ್ಕೆ ಜಾರುತ್ತದೆ, ಗಾಜು ಬಿರುಕು ಬಿಡಲೂಬಹುದು.

ಅಷ್ಟು ಬಿಗಿಯುವ ಅಗತ್ಯವೂ ಇಲ್ಲ. 10 ಮೀಟರ್ ಎತ್ತರದ ನೀರಿಗೆ ಒತ್ತಡ ಸುಮಾರು 1 ಬಾರ್. ನನ್ನ ಟ್ಯಾಂಕಿನ ತಳದಲ್ಲಿ 0.05 ಬಾರ್ ಕೂಡ ಇಲ್ಲ.

ಬಾಲ್ ವಾಲ್ವ್‌ಗೆ ಹೋಗುವ ಥ್ರೆಡ್‌ಗೆ ಟೇಪ್ ನಾಲ್ಕು ಸುತ್ತು. ಥ್ರೆಡ್ ತುದಿಯನ್ನು ನಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಟೇಪ್ ಸುರುಟಿಕೊಂಡು ಹೊರಗೆ ಬರುತ್ತದೆ. ಎಳೆದು ಸುತ್ತಿದರೆ ಥ್ರೆಡ್‌ನ ಏಣುಗಳು ಟೇಪ್ ಮೇಲೆ ಮೂಡುತ್ತವೆ. ತುದಿಯ ಒಂದು ಏಣು ಬಿಟ್ಟೇ ಸುತ್ತಿದೆ, ಟೇಪಿನ ಚೂರು ನೀರಿಗೆ ಹೋಗದಿರಲಿ ಅಂತ. ಯೂನಿಯನ್‌ಗೆ ಟೇಪ್ ಬೇಡ, ಅಲ್ಲಿ ಕೆಲಸ ಮಾಡುವುದು ಓ-ರಿಂಗ್, ಅಂದರೆ ರಬ್ಬರ್ ಬಳೆ. ಅದಕ್ಕೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದೆ.

ಸಾಲ್ವೆಂಟ್ ಜಾಯಿಂಟಿನ ಬಗ್ಗೆ ಹೇಳುವುದು ಕಡಿಮೆ. ಮೊದಲು ಒಣ ಜೋಡಣೆ ಮಾಡಿ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಂಡೆ. ಕತ್ತರಿಸಿದ ಅಂಚಿಗೆ ಉಪ್ಪುಕಾಗದ ಉಜ್ಜಿ, ಸಾಲ್ವೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒತ್ತಿ, ಅರ್ಧ ನಿಮಿಷ ಹಿಡಿದುಕೊಂಡೆ. ಮಾರನೇ ದಿನದವರೆಗೆ ನೀರು ತಾಗಿಸಲಿಲ್ಲ.

ಈಗ ಟ್ಯಾಂಕ್ ತುಂಬಿದೆ, ಮೀನು ಇನ್ನೂ ಬಿಟ್ಟಿಲ್ಲ. ಎಲ್ಲ ಜಾಯಿಂಟ್ ಕೆಳಗೂ ಹಳೇ ಪೇಪರ್ ಹಾಸಿದ್ದೇನೆ, ಒದ್ದೆಯಾದರೆ ಕಲೆ ತಕ್ಷಣ ಕಾಣುತ್ತದೆ. ಬೆಳಗ್ಗೆ ರಾತ್ರಿ ಟಿಶ್ಯೂ ಒತ್ತಿ ನೋಡುತ್ತಿದ್ದೇನೆ. ಎಲ್ಲ ಒಣಗಿಯೇ ಇದೆ.

ಮುಂದಿನದು ಕರೆಂಟ್ ಹೋದಾಗಿನ ಪರೀಕ್ಷೆ. ಪಂಪ್ ನಿಂತರೆ ಮೇಲಿನ ಟ್ಯಾಂಕಿನಿಂದ ನೀರು ಸಂಪ್‌ಗೆ ಇಳಿಯುತ್ತದೆ. ಈ ಅಳತೆಗೆ ಒಂದಿಂಚು ಇಳಿದರೂ 14 ಲೀಟರ್. ಸಂಪ್‌ನಲ್ಲಿ ಅಷ್ಟು ಜಾಗ ಖಾಲಿ ಇರಲೇಬೇಕು. ನೀರು ಮೇಲೇರಿಸುವ ಪೈಪಿನಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಸಣ್ಣ ತೂತು ಕೊರೆಯುತ್ತೇನೆ. ಮಟ್ಟ ಅಲ್ಲಿಗೆ ಇಳಿದ ಕೂಡಲೇ ಗಾಳಿ ಎಳೆದುಕೊಂಡು ಸೈಫನ್ (ಆ ಪೈಪಿನಲ್ಲಿ ನೀರು ತಾನಾಗಿ ವಾಪಸ್ ಇಳಿಯುವುದು) ನಿಲ್ಲಬೇಕು. ಸ್ವಿಚ್ ಆಫ್ ಮಾಡಿ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ನೋಡಿ, ಸಂಪ್ ಗಾಜಿನ ಮೇಲೆ ಗುರುತು ಹಾಕುವುದು ಭಾನುವಾರದ ಕೆಲಸ.