ಕೃತ್ತಿಕೆಯಿಂದ ವಿಶಾಖೆಯವರೆಗೆ: ಒಂದು ಧೂಮಕೇತು ಹುಡುಕಾಟದ ದಿನಚರಿ

ಲೆಕ್ಕವನ್ನು ಮೊದಲೇ ಒಪ್ಪಿಸಿಬಿಡುತ್ತೇನೆ. 2024ರ ಮೇ ತಿಂಗಳಿಂದ ನವೆಂಬರ್‌ವರೆಗೆ ಹೊಸ ಧೂಮಕೇತು ಕಂಡೆನೆಂದು ಕಳುಹಿಸಿದ ವರದಿಗಳು ಒಂಬತ್ತು. ನನ್ನ ಪಾಲಿಗೆ ಬಂದ ಧೂಮಕೇತು ಸೊನ್ನೆ. ಆದರೂ ಟಿಪ್ಪಣಿ ಪುಸ್ತಕ ತುಂಬಿದೆ.

ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಕುಳಿತು ಆಕಾಶ ನೋಡುವ ಹವ್ಯಾಸ ಇಟ್ಟುಕೊಳ್ಳುವುದು ಕಡಲಿಲ್ಲದ ಊರಿನಲ್ಲಿ ದೋಣಿ ಕಟ್ಟಿದ ಹಾಗೆ. ನನ್ನ ಆರು ಇಂಚಿನ ದೂರದರ್ಶಕ ಜೂನ್‌ನಲ್ಲಿ ಪೆಟ್ಟಿಗೆ ಸೇರಿದರೆ ಹೊರಗೆ ಬರುವುದು ದೀಪಾವಳಿಯ ಆಸುಪಾಸಿಗೆ. ಹಿಂದಿನ ಮಳೆಗಾಲದಲ್ಲಿ ನೇತ್ರಮಸೂರಕ್ಕೆ ಬೂಷ್ಟು ಹಿಡಿದು ಒಂದನ್ನು ಕಳೆದುಕೊಂಡಿದ್ದೆ. ಹಾಗಾಗಿ ಈ ಸಲ ಮೋಡದ ಮೇಲಿರುವ ಕಣ್ಣನ್ನೇ ಬಳಸೋಣ ಎಂದು ಸೋಹೋ ನೌಕೆಯ ಚಿತ್ರಗಳಿಗೆ ಕೈ ಹಾಕಿದೆ.

ಸೋಹೋ 1995ರ ಡಿಸೆಂಬರ್ 2ರಂದು ಹಾರಿದ್ದು. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಮತ್ತು ನಾಸಾ ಸೇರಿ ಕಳುಹಿಸಿದ ಈ ನೌಕೆ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯ ಮತ್ತು ಭೂಮಿಯ ಸೆಳೆತಗಳ ನಡುವೆ ನೌಕೆ ನೆಲೆ ನಿಲ್ಲಬಲ್ಲ ಎಲ್1 ಎಂಬ ಬಿಂದುವಿನ ಸುತ್ತ ಇದೆ. ಅದರ ಲಾಸ್ಕೋ ಉಪಕರಣ ಸೂರ್ಯಬಿಂಬಕ್ಕೆ ಒಂದು ತಟ್ಟೆಯನ್ನು ಅಡ್ಡ ಹಿಡಿದು ಸುತ್ತಲಿನ ಮಂದ ಬೆಳಕನ್ನು ಚಿತ್ರಿಸುತ್ತದೆ. ಸಿ2 ಎಂಬುದು ಹತ್ತಿರದ ನೋಟ, ಸಿ3 ಅಗಲದ ನೋಟ. ಸಿ3ರಲ್ಲಿ ಸೂರ್ಯನ ತ್ರಿಜ್ಯದ ಸುಮಾರು ಮೂವತ್ತು ಪಟ್ಟು ದೂರದವರೆಗೆ ಕಾಣುತ್ತದೆ. ಹೆಚ್ಚು ಕಡಿಮೆ ಹನ್ನೆರಡು ನಿಮಿಷಕ್ಕೊಂದು ಚಿತ್ರ ಬರುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸೂರ್ಯನನ್ನು ನೋಡಲು ಕಳುಹಿಸಿದ ಈ ನೌಕೆಯ ಚಿತ್ರಗಳಲ್ಲಿ ಸಿಕ್ಕ ಧೂಮಕೇತುಗಳು 2024ರ ಮಾರ್ಚ್‌ನಲ್ಲಿ ಐದು ಸಾವಿರ ದಾಟಿದವು. ಹೆಚ್ಚಿನವನ್ನು ಹುಡುಕಿದ್ದು ನನ್ನಂಥ ಹವ್ಯಾಸಿಗಳು, ಅಂದರೆ ನನಗಿಂತ ಚುರುಕಾದ ಹವ್ಯಾಸಿಗಳು.

ಚಿತ್ರ ಹಾಸನದಿಂದ ಬರುತ್ತದೆಯೇ ಎಂದು ಅಮ್ಮ ಕೇಳಿದರು. ಹಾಸನಕ್ಕೆ ಹೋದಾಗ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ದೊಡ್ಡ ಆಂಟೆನಾಗಳನ್ನು ನೋಡಿದವರಿಗೆ ಆಕಾಶದ ಸುದ್ದಿಯೆಲ್ಲ ಅಲ್ಲಿಂದಲೇ ಬರಬೇಕು ಅನ್ನಿಸುವುದು ಸಹಜ. ಅಲ್ಲಿಂದ ನೋಡಿಕೊಳ್ಳುವುದು ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ಎಂದೆ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿ 6ರಿಂದ ಸೋಹೋ ಇರುವ ಎಲ್1ರ ಸುತ್ತಲೇ ಇದೆ ಎಂದಾಗ ಅಮ್ಮನಿಗೆ ಸಮಾಧಾನವಾಯಿತು.

ಮೇ 21. ಮೊದಲ ವಾರದಲ್ಲೇ ಬೇಟೆ ಮರೆತು ಕುಳಿತೆ. ಸಿ3 ಚಿತ್ರದಲ್ಲಿ ಸೂರ್ಯನ ನೆತ್ತಿಯ ಮೇಲೆ ಪುಟ್ಟ ಚುಕ್ಕಿಗಳ ಗೊಂಚಲು ಇತ್ತು. ಕೃತ್ತಿಕೆ! ಗೋಡೆಯ ಮೇಲಿನ ಪಂಚಾಂಗದಲ್ಲಿಯೂ ಅಂದು ಕೃತ್ತಿಕಾ ಮಳೆ ನಡೆಯುತ್ತಿತ್ತು. ಮಳೆ ನಕ್ಷತ್ರವೆಂದರೆ ಆ ಹೊತ್ತಿಗೆ ಸೂರ್ಯನಿರುವ ನಕ್ಷತ್ರ ಎಂದು ಓದಿ ಗೊತ್ತಿತ್ತು. ಸೂರ್ಯ ಅಲ್ಲಿರುವುದರಿಂದಲೇ ಆ ದಿನಗಳಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಜ್ಜನ ಕಾಲದಿಂದ ಅದರ ಹೆಸರು ಹಿಡಿದು ಬಿತ್ತನೆ, ನಾಟಿ ಮಾಡುತ್ತ ಬಂದಿದ್ದೇವೆ. ತನ್ನ ಮಳೆಯ ದಿನದಂದು ಅದನ್ನು ಕಂಡವರು ನಮ್ಮ ಮನೆಯಲ್ಲಿ ನಾನೇ ಮೊದಲು. ಅಮ್ಮನನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇಷ್ಟು ಚಿಕ್ಕದೇ?" ಎಂದರು.

ಜೂನ್ 4. ಮನೆಯವರೆಲ್ಲ ಲೋಕಸಭೆ ಮತ ಎಣಿಕೆಯ ಮುಂದೆ. ನನ್ನ ಪರದೆಯಲ್ಲಿ ಶುಕ್ರ ಸೂರ್ಯನ ಹಿಂದೆ ಸರಿದಿತ್ತು. ಹೊಳಪಿನ ಗ್ರಹಗಳ ಎರಡೂ ಪಕ್ಕಕ್ಕೆ ರೆಕ್ಕೆಯಂತೆ ಅಡ್ಡಗೆರೆ ಏಳುತ್ತದೆ, ಕ್ಯಾಮೆರಾದ ಚಿಪ್ ತುಂಬಿ ತುಳುಕುವುದರಿಂದ. ನಕ್ಷತ್ರಗಳೆಲ್ಲ ಎಡದಿಂದ ಬಲಕ್ಕೆ ಗಂಟೆಗೆ ಸುಮಾರು ಎರಡೂವರೆ ಪಿಕ್ಸೆಲ್‌ನಂತೆ ಜಾರುತ್ತವೆ. ಶುಕ್ರ ಮಾತ್ರ ನಿಧಾನವಾಗಿ ಬಲದಿಂದ ಎಡಕ್ಕೆ. ಇದನ್ನು ಕಲಿಯುವ ಮೊದಲು ಒಂದು ಸಾಧಾರಣ ನಕ್ಷತ್ರವನ್ನು ಧೂಮಕೇತು ಎಂದು ವರದಿ ಮಾಡಿದ್ದೆ. ಆ ಕಥೆ ಇಲ್ಲಿಗೆ ಸಾಕು.

ಜೂನ್ ಕೊನೆ. ಆರಿದ್ರಾ ಮಳೆ ಹಿಡಿದಿದೆ. ಆರಿದ್ರಾ ಬಂದರೆ ದರಿದ್ರವಿಲ್ಲ ಎನ್ನುತ್ತಾರೆ, ಆದರೆ ಕರೆಂಟೂ ಇರುವುದಿಲ್ಲ. ಆ ನಕ್ಷತ್ರವನ್ನೂ ನೋಡೋಣವೆಂದರೆ ಸಿಗಲಿಲ್ಲ: ಅದು ಸೂರ್ಯನ ಹಾದಿಯಿಂದ 16 ಡಿಗ್ರಿ ದಕ್ಷಿಣಕ್ಕಿದೆ, ಸಿ3ರ ನೋಟ ಸೂರ್ಯನಿಂದ ಎಂಟು ಡಿಗ್ರಿಗೇ ಮುಗಿಯುತ್ತದೆ. ಅದಕ್ಕೂ ಮೊದಲು ಮೃಗಶಿರವೂ ಹೀಗೆಯೇ ಕೈಕೊಟ್ಟಿತ್ತು.

ಜುಲೈ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳು ರಜೆಗೆ ಬಂದಳು. ನಾನು ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿ ಕಣ್ಣು ಕೀಳುತ್ತಿದ್ದುದನ್ನು ನೋಡಿ, "ಮಾವ, ಬದಲಾಗದ್ದನ್ನೆಲ್ಲ ಕಳೆದುಬಿಟ್ಟರೆ ಚಲಿಸುವುದು ಮಾತ್ರ ಉಳಿಯುವುದಿಲ್ಲವೇ?" ಎಂದು ಸಂಜೆಯೊಳಗೆ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಳು. ಹಲವು ಚಿತ್ರಗಳ ಮಧ್ಯಕ (ಏರಿಕೆಯ ಸಾಲಿನಲ್ಲಿ ನಟ್ಟನಡುವಿನ ಬೆಲೆ) ತೆಗೆದು ಪ್ರತಿಯೊಂದರಿಂದ ಕಳೆಯುತ್ತದೆ. ಸೂರ್ಯನ ಹೊರ ವಾತಾವರಣವಾದ ಕರೋನಾದ ಹೊಳಪು, ತಟ್ಟೆಯನ್ನು ಹಿಡಿದಿರುವ ತೋಳಿನ ನೆರಳು ಎಲ್ಲ ಮಾಯ. ಉಳಿದದ್ದು ನಕ್ಷತ್ರಗಳು ಮತ್ತು ಸಾವಿರಾರು ಬಿಳಿ ಚುಕ್ಕೆಗಳು. ಈ ಚುಕ್ಕೆಗಳು ಕಾಸ್ಮಿಕ್ ಕಿರಣಗಳು ಚಿಪ್‌ಗೆ ಬಡಿದ ಗುರುತು. ಒಂದು ಚಿತ್ರದಲ್ಲಿದ್ದರೆ ಮುಂದಿನದರಲ್ಲಿ ಇರುವುದಿಲ್ಲ. ಮೂರು ಚಿತ್ರಗಳ ಮೂರು ಚುಕ್ಕೆಗಳು ಆಕಸ್ಮಿಕವಾಗಿ ಒಂದೇ ಸಾಲಿಗೆ ಬಂದರೆ ಮನಸ್ಸು ತಾನಾಗಿಯೇ ಗೆರೆ ಎಳೆದುಬಿಡುತ್ತದೆ. ನನ್ನ ನಾಲ್ಕು ವರದಿಗಳು ಹೀಗೆ ಹೋದವು.

ನಮ್ಮ ತೋಟದಲ್ಲಿ ಬಿಳಿ ಕಾಂಡಕೊರಕ ಬಿದ್ದ ಅರೇಬಿಕಾ ಗಿಡಗಳನ್ನು ಗುರುತಿಸುವ ಹಿರಿಯರೊಬ್ಬರಿದ್ದಾರೆ. ನಾನು ಹಳದಿ ಎಲೆ ಕಂಡಲ್ಲೆಲ್ಲ ನಿಲ್ಲುತ್ತೇನೆ. ಅವರು ನಿಲ್ಲುವುದೇ ಇಲ್ಲ, ನಡೆಯುತ್ತಲೇ ತೊಗಟೆ ಉಬ್ಬಿದ ಗಿಡವನ್ನಷ್ಟೇ ಮುಟ್ಟುತ್ತಾರೆ. ಹೇಗೆ ಎಂದು ಕೇಳಿದರೆ, "ಸರಿಯಿರುವುದನ್ನು ನೋಡಿ ನೋಡಿ" ಎನ್ನುತ್ತಾರೆ. ಆಗಸ್ಟ್ ಇಡೀ ನಾನು ವರದಿ ಕಳುಹಿಸಲಿಲ್ಲ. ದಿನಕ್ಕೊಂದು ಗಂಟೆ, ಧೂಮಕೇತು ಇಲ್ಲವೆಂದು ಖಚಿತವಾದ ಹಳೆಯ ಚಿತ್ರಗಳನ್ನೇ ನೋಡಿದೆ. ಇಷ್ಟು ಬೇಸರದ, ಇಷ್ಟು ಉಪಯೋಗದ ಕೆಲಸ ಈ ವರ್ಷ ಬೇರೆ ಮಾಡಿಲ್ಲ.

ಆಗಸ್ಟ್ 22ರ ಸುಮಾರಿಗೆ ಮಘಾ ನಕ್ಷತ್ರ ತಟ್ಟೆಯ ಹಿಂದೆ ಹೊಕ್ಕು ಆಚೆಯಿಂದ ಹೊರಬಂತು. ಮಘೆ ಮಳೆ ಬಂದಷ್ಟೂ ಚೆಂದ, ಮನೆ ಮಗ ಉಂಡಷ್ಟೂ ಚೆಂದ ಎಂಬ ಗಾದೆ ಹೇಳಿ ಅಮ್ಮ ಅಂದು ಇನ್ನೊಂದು ಕಡುಬು ಬಡಿಸಿದರು.

ಸೆಪ್ಟೆಂಬರ್. ನಿಜವಾದ ಧೂಮಕೇತುವೊಂದು ಸಿಕ್ಕಿತು. ಸೋಹೋ ಕಾಣುವವುಗಳಲ್ಲಿ ನೂರಕ್ಕೆ ಸುಮಾರು 85 ಕ್ರೊಯಿಟ್ಸ್ ಗುಂಪಿನವು: ಶತಮಾನಗಳ ಹಿಂದೆ ಒಡೆದ ಒಂದು ದೊಡ್ಡ ಧೂಮಕೇತುವಿನ ಚೂರುಗಳು, ಎಲ್ಲವೂ ಬಹುತೇಕ ಒಂದೇ ದಾರಿ ಹಿಡಿದು ಸೂರ್ಯನಿಗೆ ಬೀಳುತ್ತವೆ. 19ನೇ ಶತಮಾನದ ಕೊನೆಯಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದವರು ಜರ್ಮನಿಯ ಹೈನ್ರಿಕ್ ಕ್ರೊಯಿಟ್ಸ್. ನನ್ನ ಚುಕ್ಕೆ ಅದೇ ದಾರಿಯಲ್ಲಿತ್ತು, ವೇಗವೂ ಸರಿಯಿತ್ತು, ಗಂಟೆಗೆ ಹತ್ತು ಪಿಕ್ಸೆಲ್‌ಗಿಂತ ಹೆಚ್ಚು. ಎಂಟು ಚಿತ್ರಗಳಲ್ಲಿ ಸ್ಥಾನ ಅಳೆದು, ಕೈ ನಡುಗುತ್ತಲೇ ಕಳುಹಿಸಿದೆ. ಆಮೇಲೆ ತಿಳಿಯಿತು: ನನ್ನ ಪ್ರೋಗ್ರಾಂ ಎತ್ತರವನ್ನು ಚಿತ್ರದ ಮೇಲಂಚಿನಿಂದ ಎಣಿಸುತ್ತದೆ, ನಾನು ಕೆಳಂಚಿನಿಂದ ಎಂದು ಬರೆದಿದ್ದೆ. ಸೂರ್ಯನ ಕೆಳಗಿದ್ದ ಧೂಮಕೇತು ಮೇಲೇರಿ ಕುಳಿತಿತ್ತು. ತಿದ್ದಿ ಕಳುಹಿಸುವಷ್ಟರಲ್ಲಿ ಬೇರೆ ಯಾರೋ ಕಳುಹಿಸಿಯಾಗಿತ್ತು. ಹೆಸರಿನ ಆಸೆಯೇನೂ ಇರಲಿಲ್ಲ, ಇಲ್ಲಿ ಸಿಕ್ಕವಕ್ಕೆಲ್ಲ ಸೋಹೋ ಎಂದೇ ಹೆಸರು. ಆದರೂ ಆ ರಾತ್ರಿ ಊಟ ಸೇರಲಿಲ್ಲ.

ಅಕ್ಟೋಬರ್. ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವನ್ನು ಬೆಂಗಳೂರಿನವರೆಲ್ಲ ಬೆಳಗಿನ ಜಾವ ನೋಡಿ ಫೋಟೋ ಹಂಚಿಕೊಂಡರು. ನಮಗೆ ಮೋಡ. ಅದು ಸಿ3ರೊಳಗೆ ಬಂದಾಗ ಮಾತ್ರ ಲೋಕದ ಎಲ್ಲರಿಗೂ ಒಂದೇ ನೋಟ ಸಿಕ್ಕಿತು, ಬಾಲ ಚಿತ್ರದಾಚೆಗೂ ಚಾಚಿತ್ತು. 9ರ ಸೌರಜ್ವಾಲೆಯ ನಂತರ ಪ್ರೋಟಾನ್‌ಗಳು ಬಡಿದು ಚಿತ್ರದ ತುಂಬ ಹಿಮ ಸುರಿದಂತಾಯಿತು. ಎಡ ಅಂಚಿನಿಂದ ಆಗಲೇ ಚಿತ್ತಾ ನಕ್ಷತ್ರ ಒಳಗೆ ಕಾಲಿಟ್ಟಿತ್ತು.

ಅಕ್ಟೋಬರ್ 28. ಒಂದು ತಿಂಗಳ ಹಿಂದೆಯಷ್ಟೇ ಹವಾಯಿಯಲ್ಲಿ ಕಂಡುಹಿಡಿದ ಇನ್ನೊಂದು ಅಟ್ಲಾಸ್ ಧೂಮಕೇತು (ಅಟ್ಲಾಸ್ ಎಂಬುದು ಅದನ್ನು ಕಂಡುಹಿಡಿದ ಆಕಾಶ ಸಮೀಕ್ಷೆಯ ಹೆಸರು), ಇದು ಕ್ರೊಯಿಟ್ಸ್ ಗುಂಪಿನದೇ. ಹತ್ತಿರ ಬರುವ ಮೊದಲೇ ಪುಡಿಯಾಗತೊಡಗಿತ್ತು. ಚಿತ್ರಗಳಲ್ಲಿ ಗೆರೆಯಂತೆ ತಟ್ಟೆಯ ಕಡೆಗೆ ಹೋಯಿತು. ಆಚೆಯಿಂದ ಏನಾದರೂ ಬರುತ್ತದೆಯೇ ಎಂದು ರಾತ್ರಿಯವರೆಗೆ ಕಾದೆ. ಬರಲಿಲ್ಲ.

ನವೆಂಬರ್ 3. ಅರೇಬಿಕಾದ ಮೊದಲ ಹಣ್ಣು ಕೊಯ್ಲು ಶುರುವಾಗಿದೆ, ಕಣದಲ್ಲಿ ಒಂದಿಷ್ಟು ಕಾಫಿ ಹರಡಿದ್ದೇವೆ. ಎತ್ತರವನ್ನು ಮೇಲಿನಿಂದ ಎಣಿಸಬೇಕೋ ಕೆಳಗಿನಿಂದಲೋ ಎಂದು ಪ್ರತಿಸಲ ಕೇಳುವಂತೆ ಪ್ರೋಗ್ರಾಂ ತಿದ್ದಿಸಿದ್ದೇನೆ. ಇಂದು ಬೆಳಿಗ್ಗೆ ಚಿತ್ರ ತೆರೆದಾಗ ಅಮ್ಮ ಹಿಂದೆ ನಿಂತು ಕೇಳಿದರು, "ವಿಶಾಖೆ ಬಂತೇ?" ತುಲಾ ರಾಶಿಯ ಆ ನಕ್ಷತ್ರ ಸೂರ್ಯನ ಎಡಕ್ಕೆ ನಾಲ್ಕು ಡಿಗ್ರಿ ದೂರದಲ್ಲಿತ್ತು. ಇನ್ನು ಮೂರು ನಾಲ್ಕು ದಿನ ಎಂದೆ.

"ಹಾಗಾದರೆ ಟಾರ್ಪಾಲು ತೆಗೆದು ಕಣದ ಹತ್ತಿರ ಇಡು" ಎಂದರು. ಇಟ್ಟೆ.