ಮ್ಯಾಗ್ನೆಟಿಕ್ ಕೇಬಲ್ ಪ್ರಾಜೆಕ್ಟ್ ಅಪ್‌ಡೇಟ್: ಟ್ಯಾಬ್ ಸೆಟ್ ಆಯ್ತು, ಲ್ಯಾಪ್‌ಟಾಪ್ ಹತ್ರ ಬಂದು ನಿಂತಿದೆ

ಪ್ಲಾನ್ ಇಷ್ಟೇ, ಟ್ಯಾಬ್‌ಗೂ ಲ್ಯಾಪ್‌ಟಾಪ್‌ಗೂ ಟೈಪ್-ಸಿ ಪೋರ್ಟಲ್ಲಿ ಒಂದೊಂದು ಮ್ಯಾಗ್ನೆಟಿಕ್ ಟಿಪ್ (ಕೇಬಲ್ ತುದಿ ಬಂದು ಅಂಟ್ಕೊಳ್ಳೋ ಪುಟ್ಟ ತುಂಡು) ಸಿಕ್ಕಿಸಿ ಬಿಟ್ಟುಬಿಡೋದು, ಒಂದೇ ಕೇಬಲ್‌ನಲ್ಲಿ ಎರಡನ್ನೂ ಚಾರ್ಜ್ ಮಾಡ್ಕೊಳ್ಳೋದು, ಯಾರಾದ್ರೂ ವೈರ್ ಎಡವಿದ್ರೆ ಟಕ್ ಅಂತ ಬಿಟ್ಕೋಬೇಕು, ಪೋರ್ಟ್ ಅಲ್ಲಾಡಬಾರ್ದು. ಹೋದ ಸಲ ಬರೆದಾಗ ಟಿಪ್‌ಗಳು ಕೈಗೆ ಬಂದಿದ್ವು ಅಷ್ಟೆ. ಈಗ ಎರಡರ ಕಥೆನೂ ಬೇರೆ ಬೇರೆ ದಾರಿ ಹಿಡಿದಿದೆ.

ಶನಿವಾರ, ಟ್ಯಾಬ್

ಇದರಲ್ಲಿ ಜಾಸ್ತಿ ತಲೆನೋವಿಲ್ಲ. ಮಧ್ಯ ಯುಎಸ್‌ಬಿ ಟೆಸ್ಟರ್ ಹಾಕಿ ನೋಡ್ದೆ, 9 ವೋಲ್ಟ್‌ಗೆ ಹೋಗಿ 1.7 ಆಂಪ್ ಆಸುಪಾಸು ಎಳೀತಾ ಇತ್ತು, ನೇರ ಕೇಬಲ್ ಹಾಕಿದ್ರೂ ಅಷ್ಟೇ ಎಳೆಯೋದು. ಟಿಪ್ ಮುಟ್ಟಿದ್ರೆ ಸ್ವಲ್ಪ ಬೆಚ್ಚಗೆ ಅನ್ಸತ್ತೆ, ಬಿಸಿ ಅಲ್ಲ. ಲೆಕ್ಕ ಹಾಕಿದ್ರೂ ಹಂಗೇ ಬರತ್ತೆ: ಪೋಗೋ ಪಿನ್ (ಸ್ಪ್ರಿಂಗ್ ಇರೋ ಪುಟ್ಟ ಪಿನ್) ಜಾಯಿಂಟ್‌ನ ರೆಸಿಸ್ಟೆನ್ಸ್ 50 ಮಿಲಿಓಮ್ ಅಂತ ಇಟ್ಕೊಂಡ್ರೆ 2 ಆಂಪ್‌ಗೆ 0.2 ವ್ಯಾಟ್ ಬಿಸಿ, ಅದೇ 5 ಆಂಪ್ ಹರಿಸಿದ್ರೆ 1.25 ವ್ಯಾಟ್. ಆಂಪ್ ಎರಡೂವರೆ ಪಟ್ಟು ಆದ್ರೆ ಬಿಸಿ ಆರು ಪಟ್ಟು ದಾಟತ್ತೆ, ಆ ಬಟಾಣಿ ಕಾಳಿನಷ್ಟು ಟಿಪ್ ಒಳಗೆ 1.25 ವ್ಯಾಟ್ ಅಂದ್ರೆ ಕಮ್ಮಿ ಏನಲ್ಲ. ಅದಕ್ಕೇ ಟಿಪ್ ಮೇಲೆ 140 ವ್ಯಾಟ್, 240 ವ್ಯಾಟ್ ಅಂತ ಪ್ರಿಂಟ್ ಮಾಡಿರೋದನ್ನ ನಾನು ನಂಬೋಕೆ ಹೋಗಲ್ಲ.

ಒಂದು ವಿಚಿತ್ರ ಏನಂದ್ರೆ ಚಾರ್ಜಿಗೆ ಹಾಕೋಕೆ ಹೋದಾಗ ಒಂದೊಂದ್ಸಲ ಸ್ಕ್ರೀನ್ ಆಫ್ ಆಗೋದು. ಕವರ್ ಮುಚ್ಚಿದ್ರೆ ಸ್ಕ್ರೀನ್ ಆರಿಸೋಕೆ ಟ್ಯಾಬ್ ಅಂಚಲ್ಲಿ ಮ್ಯಾಗ್ನೆಟ್ ಗುರುತಿಸೋ ಹಾಲ್ ಸೆನ್ಸರ್ ಇರತ್ತಲ್ಲ, ಕೇಬಲ್ ತುದಿಯ ಮ್ಯಾಗ್ನೆಟ್ ಅದರ ಪಕ್ಕ ಹಾದು ಹೋದ್ರೆ ಕವರ್ ಮುಚ್ಚಿದ್ರು ಅಂತ ಅದು ಅನ್ಕೊಳ್ಳತ್ತೆ. ಇನ್ನೊಂದು ಕಡೆಯಿಂದ ತಂದ್ರೆ ಏನೂ ಆಗಲ್ಲ. ದಪ್ಪ ಕೇಬಲ್‌ನೂ ಬದಲಾಯಿಸ್ದೆ, ಟ್ಯಾಬ್ ಕೈಯಲ್ಲಿ ಹಿಡ್ಕೊಂಡು ಓದ್ತಾ ಇದ್ರೆ ಅದರ ಭಾರಕ್ಕೇ ಬಿಟ್ಕೊಳ್ಳೋದು. ನೇರ ಎಳೆದ್ರೆ ಗಟ್ಟಿ ಹಿಡ್ಕೊಳ್ಳೋ ಮ್ಯಾಗ್ನೆಟ್ ಸ್ವಲ್ಪ ಓರೆ ಆದ್ರೆ ಸಲೀಸಾಗಿ ಬಿಡತ್ತೆ, ಈಗ ತೆಳು ಬಟ್ಟೆ ಹೆಣಿಗೆ ಕೇಬಲ್ ಹಾಕಿದೀನಿ, ನಿಲ್ತಾ ಇದೆ.

ಮಂಗಳವಾರ, ಕ್ಲೀನಿಂಗ್

ಟಾರ್ಚ್ ಬಿಟ್ಟು ಕೇಬಲ್ ತುದಿ ನೋಡಿದ್ರೆ ಪಿನ್‌ಗಳ ಸಾಲಿನ ಮೇಲೆ ಅಡ್ಡಡ್ಡ ಒಂದು ಸ್ಟೇಪ್ಲರ್ ಪಿನ್ ಚೂರು, ಸುತ್ತ ಮೀಸೆ ಥರ ಕಪ್ಪು ಕಬ್ಬಿಣದ ಪುಡಿ. ನಿಯೋಡಿಮಿಯಮ್ ಮ್ಯಾಗ್ನೆಟ್ ಅಲ್ವಾ, ಟೇಬಲ್ ಮೇಲೆ ಇರೋದೆಲ್ಲ ತನಗೇ ಅನ್ನತ್ತೆ. ಒರೆಸಿದ್ರೆ ಪುಡಿ ಜರುಗತ್ತೆ ಹೊರತು ಹೋಗಲ್ಲ, ಸೆಲ್ಲೋಟೇಪ್ ಒತ್ತಿ ಕಿತ್ರೆ ಪೂರ್ತಿ ಬರತ್ತೆ.

ಇಲ್ಲೇ ಒಂದು ಮಾತು. ಚಾರ್ಜರ್ ಕಡೆ ಟೈಪ್-ಸಿ ಇರೋ ಕೇಬಲ್ ಆದ್ರೆ, ಸಿಸಿ ಅನ್ನೋ, ಚಾರ್ಜರ್ ಜೊತೆ ಮಾತಾಡೋ ಪಿನ್‌ನಲ್ಲಿ ಡಿವೈಸ್‌ನ 5.1 ಕಿಲೋಓಮ್ ರೆಸಿಸ್ಟರ್ ಕಾಣೋವರೆಗೂ ಚಾರ್ಜರ್ ಕರೆಂಟ್ ಬಿಡಲ್ಲ, ಹಂಗಾಗಿ ಖಾಲಿ ಬಿದ್ದಿರೋ ತುದಿ ಸಾಮಾನ್ಯವಾಗಿ ಸತ್ತಿರತ್ತೆ. ಅದೇ ಹಳೇ ಅಗಲ ಟೈಪ್-ಎ ಚಾರ್ಜರ್ ಆದ್ರೆ 5 ವೋಲ್ಟ್ ಯಾವಾಗ್ಲೂ ಇರತ್ತೆ, ಬಯಲಲ್ಲಿ. ಮಲ್ಟಿಮೀಟರ್ ಇಟ್ಟು ನೋಡ್ದೆ, ಹೌದು. ಅಂಥ ಪಿನ್ ಚೂರು ಅದಕ್ಕೆ ಅಡ್ಡ ಬಿದ್ರೆ ಶಾರ್ಟ್ ಆಗತ್ತೆ. ಟೈಪ್-ಎ ಮ್ಯಾಗ್ನೆಟಿಕ್ ಕೇಬಲ್ ಅಲ್ಲಿಗೆ ಪ್ರಾಜೆಕ್ಟಿಂದ ಔಟ್.

ಗುರುವಾರ, ಲ್ಯಾಪ್‌ಟಾಪ್

ಇಲ್ಲಿ 20 ವೋಲ್ಟ್. ಚಾರ್ಜ್ ಆಗತ್ತಾ ಅಂದ್ರೆ ಆರಾಮಾಗಿ ಆಗತ್ತೆ, ಪ್ರಶ್ನೆ ಅದಲ್ಲ, ಕಿತ್ತುಕೊಳ್ಳೋ ಆ ಕ್ಷಣದಲ್ಲಿ ಏನಾಗತ್ತೆ ಅನ್ನೋದು. ಟೈಪ್-ಸಿ ಪಿನ್ ಸಾಲಲ್ಲಿ ಎ4 ಅನ್ನೋದು ಪವರ್ ಬರೋ ವಿಬಸ್, ಅದಕ್ಕೆ ಅಂಟ್ಕೊಂಡೇ ಎ5, ಅಂದ್ರೆ ಚಾರ್ಜರ್ ಜೊತೆ ಮಾತಾಡೋ ಸಿಸಿ, ಮಧ್ಯ ಅಂತರ ಅರ್ಧ ಮಿಲಿಮೀಟರ್. ಮಾಮೂಲಿ ಪ್ಲಗ್ ನೇರ ಒಳಗೆ ನೇರ ಹೊರಗೆ, ಒಂದು ಪಿನ್ ಪಕ್ಕದ ಪಿನ್ನಿಗೆ ತಾಗೋಕೆ ಜಾಗಾನೇ ಇಲ್ಲ. ಮ್ಯಾಗ್ನೆಟ್ ಜಾಯಿಂಟ್ ಹಂಗಲ್ಲ, ಪಕ್ಕಕ್ಕೆ ಜಾರ್ಕೊಂಡು ಬಿಡತ್ತೆ, ಜಾರುವಾಗ ವಿಬಸ್ ಪಿನ್ ಸಿಸಿ ಮೇಲೆ ಉಜ್ಜಿದ್ರೆ 5 ವೋಲ್ಟ್ ಆಸುಪಾಸಿಗೆ ಮಾಡಿರೋ ಲೈನಿಗೆ 20 ವೋಲ್ಟ್ ನುಗ್ಗತ್ತೆ. ಚಾರ್ಜರ್ ತಕ್ಷಣ ಆಫ್ ಆಗಲ್ವಾ ಅಂದ್ರೆ, ಕಿತ್ತ ಮೇಲೆ ವಿಬಸ್ ಇಳಿಸೋಕೆ ಟೈಪ್-ಸಿ ಸ್ಪೆಕ್‌ನಲ್ಲೇ (ಅಧಿಕೃತ ನಿಯಮಗಳಲ್ಲೇ) 650 ಮಿಲಿಸೆಕೆಂಡ್ ತನಕ ಟೈಮ್ ಕೊಟ್ಟಿದಾರೆ, ಜಾರೋಕೆ ಅಷ್ಟು ಹೊತ್ತು ಬೇಡ. ವ್ಯಾಟ್ ಕಮ್ಮಿ ಮಾಡಿದ್ರೂ ಉಪಯೋಗ ಇಲ್ಲ, 3 ಆಂಪ್ ಕೇಬಲ್ ಹಾಕಿದ್ರೂ ವೋಲ್ಟೇಜ್ 20 ಇದ್ದೇ ಇರತ್ತಲ್ಲ. ಟ್ಯಾಬ್‌ನ 9 ವೋಲ್ಟ್‌ನಲ್ಲೂ ರಿಸ್ಕ್ ಪೂರ್ತಿ ಸೊನ್ನೆ ಅಲ್ಲ, ಆದ್ರೆ ಅಷ್ಟು ರಿಸ್ಕ್ ನಾನು ತಗೋತೀನಿ.

ಆಪಲ್‌ನವರು 2006ರಿಂದ ಲ್ಯಾಪ್‌ಟಾಪಿಗೆ ಮ್ಯಾಗ್‌ಸೇಫ್ ಅನ್ನೋ ಮ್ಯಾಗ್ನೆಟಿಕ್ ಚಾರ್ಜಿಂಗ್ ಪ್ಲಗ್ ಮಾಡಿಲ್ವಾ ಅಂತ ಕೇಳ್ತೀರ. ಮಾಡಿದಾರೆ, ಮಧ್ಯ ಕೆಲವು ವರ್ಷ ಬಿಟ್ಟು 2021ರಲ್ಲಿ ಮತ್ತೆ ತಂದ್ರು. ಅದು ಮೊದಲಿಂದಲೂ ಮ್ಯಾಗ್ನೆಟ್‌ಗೆ ಅಂತಲೇ ಡಿಸೈನ್ ಮಾಡಿದ್ದು, ಬರೀ ಐದು ಪಿನ್, ಎರಡು ತುದಿಲೂ ಗ್ರೌಂಡ್, ಒಳಗೆ ಪವರ್, ನಟ್ಟನಡುವೆ ಚಾರ್ಜರ್ ಜೊತೆ ಮಾತಾಡೋ ಸೆನ್ಸ್ ಪಿನ್, ಮೇಲಾಗಿ ಕನೆಕ್ಟರ್ ಒಂದು ತಗ್ಗಲ್ಲಿ ಕೂರತ್ತೆ, ಪಕ್ಕಕ್ಕೆ ಜಾರೋ ಜಾಗ ಕಮ್ಮಿ. ನಮ್ಮ ಟಿಪ್‌ಗಳು 24 ಪಿನ್‌ನ ಸಾಲನ್ನ ತಂದು ಚಪ್ಪಟೆ ಮುಖದ ಮೇಲೆ ಇಟ್ಟಿರೋವು. ಟೈಪ್-ಸಿ ಸ್ಪೆಕ್ ಇಂಥ ಅಡಾಪ್ಟರ್‌ಗಳಿಗೆ ಒಪ್ಪಿಗೆ ಕೊಟ್ಟಿಲ್ಲ, ಕಾರಣ ಇಲ್ಲದೆ ಅಲ್ಲ.

ಸೊ ಲ್ಯಾಪ್‌ಟಾಪ್ ಪೋರ್ಟಿಂದ ಟಿಪ್ ತೆಗೆದಿಟ್ಟೆ.

ಭಾನುವಾರ, ಅಡ್ಡದಾರಿ

ಪಿಡಿ ಇನ್‌ಪುಟ್ (ಚಾರ್ಜರ್ ಸಿಕ್ಕಿಸೋ ಪೋರ್ಟ್) ಇರೋ ಒಂದು ಟೈಪ್-ಸಿ ಹಬ್ ಸುಮ್ನೆ ಬಿದ್ದಿತ್ತು. ಅದನ್ನ ಡಬಲ್ ಸೈಡ್ ಟೇಪ್ ಹಾಕಿ ಟೇಬಲ್ ಕೆಳಗೆ ಅಂಟಿಸ್ದೆ, ಮ್ಯಾಗ್ನೆಟಿಕ್ ಟಿಪ್ ಈಗ ಹಬ್‌ನ ಚಾರ್ಜಿಂಗ್ ಪೋರ್ಟಲ್ಲಿ, ಹಬ್‌ನ ಬಾಲ ನೇರ ಲ್ಯಾಪ್‌ಟಾಪಿಗೆ. ವೈರ್ ಎಡವಿದ್ರೆ ಹಬ್ ಹತ್ರ ಬಿಟ್ಕೊಳ್ಳತ್ತೆ, ಸಿಸಿಗೆ ಏಟು ಬಿದ್ರೆ ಮೊದಲು ಹಬ್‌ನ ಚಿಪ್‌ಗೆ ಬೀಳತ್ತೆ, ಸತ್ರೆ ಅದು ಸಾಯ್ಲಿ ಬಿಡಿ, ಮದರ್‌ಬೋರ್ಡ್ ಮುಂದೆ ಅದೇನು ದೊಡ್ಡದಲ್ಲ. ಹಬ್ ತನಗೆ ಅಂತ ಸ್ವಲ್ಪ ವ್ಯಾಟ್ ಹಿಡ್ಕೊಂಡು ಉಳಿದಿದ್ದನ್ನ ಮಾತ್ರ ಮುಂದೆ ಬಿಡತ್ತೆ, ಹಂಗಾಗಿ 65 ವ್ಯಾಟ್ ಚಾರ್ಜರ್ ಹಾಕಿದ್ರೂ ಲ್ಯಾಪ್‌ಟಾಪ್ ಸ್ಲೋ ಚಾರ್ಜರ್ ಅಂತ ಗೊಣಗತ್ತೆ, ಬ್ರೌಸಿಂಗ್, ಟೈಪಿಂಗ್‌ಗೆ ಸಾಕು, ವಿಡಿಯೋ ಎಕ್ಸ್‌ಪೋರ್ಟ್ ಹಾಕಿದ್ರೆ ಬ್ಯಾಟರಿ ನಿಧಾನಕ್ಕೆ ಇಳೀತಾ ಬರತ್ತೆ.

ಮುಂದೆ 100 ವ್ಯಾಟ್ ಚಾರ್ಜರ್ ಹಾಕಿ ಹಬ್ ಎಷ್ಟು ಬಿಸಿ ಆಗತ್ತೆ ನೋಡ್ಬೇಕು. ಟೇಬಲ್ ಕೆಳಗೆ ಗಾಳಿ ಆಡಲ್ಲ, ಟೇಪ್ ಬಿಟ್ಕೊಳ್ಳತ್ತಾ ಅನ್ನೋದೂ ಅವಾಗ್ಲೇ ಗೊತ್ತಾಗತ್ತೆ.